ನಿಂತ ವಿಮಾನದ ಪ್ರಶ್ನೆ

ವಿಮಾನ ರನ್‌ವೇ ಮೇಲೆ ಓಡತೊಡಗಿದಾಗ ಕ್ಯಾಪ್ಟನ್ನರ ಕೈ ಎಲ್ಲಿರುತ್ತದೆ ಎಂಬುದು ನಮಗೆ ಕಾಣುವುದಿಲ್ಲ. ಎರಡು ಸೀಟುಗಳ ನಡುವೆ ಇರುವ ಥ್ರಸ್ಟ್ ಲಿವರುಗಳ ಮೇಲೆ ಇರುತ್ತದೆ. ಹಾರಿಸುತ್ತಿರುವುದು ಪಕ್ಕದಲ್ಲಿ ಕೂತ ಕೋ-ಪೈಲಟ್ ಆದರೂ, ಬಹುತೇಕ ಸಂಸ್ಥೆಗಳಲ್ಲಿ ಲಿವರಿನ ಮೇಲಿನ ಕೈ ಮಾತ್ರ ಕ್ಯಾಪ್ಟನ್ನರದೇ. ವೇಗ ಏರುತ್ತಾ ಹೋಗುತ್ತದೆ. ಒಂದು ಹಂತದಲ್ಲಿ ಪಕ್ಕದವರೋ ಯಂತ್ರದ ದನಿಯೋ ‘ವಿ-ಒನ್’ ಎಂದು ಕೂಗುತ್ತದೆ. ಕೂಗಿದ ಕೂಡಲೇ ಕ್ಯಾಪ್ಟನ್ ಕೈ ತೆಗೆದುಬಿಡುತ್ತಾರೆ. ಲಿವರಿಗೆ ಇನ್ನು ಕೈಯ ಅಗತ್ಯವಿಲ್ಲ ಎಂದಲ್ಲ. ಕೈ ಅಲ್ಲೇ ಇದ್ದರೆ, ಏನಾದರೂ ಢಂ ಎಂದಾಗ ಯೋಚಿಸುವ ಮೊದಲೇ ಹಿಂದಕ್ಕೆ ಎಳೆದುಬಿಟ್ಟೀತು ಎಂಬ ಭಯ. ತಮ್ಮ ಕೈಯನ್ನು ತಾವೇ ನಂಬದೆ ಮಾಡಿಕೊಂಡ ಕಟ್ಟು ಅದು.

ಈ ವಿ-ಒನ್ ಎನ್ನುವುದು ಒಂದು ವೇಗದ ಸಂಖ್ಯೆ. ವಿಮಾನದ ತೂಕ, ರನ್‌ವೇ ಉದ್ದ, ಅಂದಿನ ಸೆಕೆ, ಗಾಳಿ, ನೆಲ ಒದ್ದೆಯೋ ಒಣಗಿದೆಯೋ, ಇಷ್ಟನ್ನೂ ಲೆಕ್ಕಕ್ಕೆ ಹಿಡಿದು, ನಾವು ಇನ್ನೂ ತಲೆಯ ಮೇಲಿನ ಡಬ್ಬಿಗೆ ಬ್ಯಾಗು ತುರುಕುತ್ತಿರುವಾಗಲೇ ಪೈಲಟ್‌ಗಳು ಅದನ್ನು ಗೊತ್ತುಮಾಡಿರುತ್ತಾರೆ. ಆ ವೇಗದೊಳಗೆ ಏನಾದರೂ ಕೆಟ್ಟರೆ ಉಳಿದ ರನ್‌ವೇಯಲ್ಲೇ ನಿಲ್ಲಿಸಬಹುದು. ದಾಟಿದ ಮೇಲೆ ಕೆಟ್ಟರೆ, ಒಂದು ಎಂಜಿನ್ನೇ ಹೋದರೂ ಇನ್ನೊಂದರ ಬಲದಲ್ಲಿ ಮೇಲೇರಿ, ಒಂದು ಸುತ್ತು ಹಾಕಿಕೊಂಡು ಬಂದು ಇಳಿಯುವುದೇ ಕ್ಷೇಮ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಎಲ್ಲ ಕಡೆ ಓಡಾಡುತ್ತದೆ. ವಿ-ಒನ್ ಬಂದಾಗ ನಿಲ್ಲಿಸಬೇಕೋ ಬೇಡವೋ ಎಂದು ತೀರ್ಮಾನಿಸುತ್ತಾರೆ ಎಂಬುದು. ಹಾಗಲ್ಲ. ಆ ಅಂಕಿ ಬರುವ ಹೊತ್ತಿಗೆ ನಿಲ್ಲಿಸುವ ಕೆಲಸ ಶುರುವಾಗಿರಬೇಕು. ತೀರ್ಮಾನಕ್ಕೆ ತಗಲುವ ಒಂದು ಸೆಕೆಂಡು ಅದಕ್ಕೂ ಹಿಂದಿನದು. 140 ನಾಟ್, ಅಂದರೆ ಗಂಟೆಗೆ ಸುಮಾರು 260 ಕಿಲೋಮೀಟರ್ ವೇಗದಲ್ಲಿ ಓಡುವ ವಿಮಾನ ಒಂದು ಸೆಕೆಂಡಿಗೆ 72 ಮೀಟರ್ ನುಂಗುತ್ತದೆ. ‘ಏನದು?’ ಎಂದು ಇಬ್ಬರು ಪೈಲಟ್‌ಗಳು ಮುಖ ನೋಡಿಕೊಂಡರೆ ಒಂದು ಫುಟ್‌ಬಾಲ್ ಮೈದಾನದಷ್ಟು ರನ್‌ವೇ ಹೋಯಿತು.

ಆದ್ದರಿಂದ ಏನಾದರೆ ನಿಲ್ಲಿಸಬೇಕು ಎಂಬುದನ್ನೂ ಮೊದಲೇ ಬರೆದಿಟ್ಟಿರುತ್ತಾರೆ. ಬೋಯಿಂಗ್ ವಿಮಾನಗಳಲ್ಲಿ 80 ನಾಟ್, ಏರ್‌ಬಸ್‌ನಲ್ಲಿ 100 ನಾಟ್ ಒಂದು ಗಡಿ. ಅದರ ಕೆಳಗಿದ್ದಾಗ ಸಣ್ಣಪುಟ್ಟ ಕಾರಣಕ್ಕೂ ನಿಲ್ಲಿಸಬಹುದು. ಯಾವುದೋ ಎಚ್ಚರಿಕೆ ದೀಪ ಹೊತ್ತಿತು, ಬಾಗಿಲು ಸರಿಯಾಗಿ ಮುಚ್ಚಿಲ್ಲ, ವಿಚಿತ್ರ ಸದ್ದು. ಗಡಿ ದಾಟಿದ ಮೇಲೆ ಪಟ್ಟಿ ತೀರಾ ಚಿಕ್ಕದಾಗುತ್ತದೆ. ಎಂಜಿನ್ ಕೈಕೊಟ್ಟಿತು, ಬೆಂಕಿ ಬಿತ್ತು, ಮುಂದೆ ಅಪಾಯದ ಗಾಳಿಯ ಸುಳಿ ಇದೆ ಎಂದು ಉಪಕರಣ ಹೇಳಿತು, ಅಥವಾ ವಿಮಾನ ಹಾರಲಾರದು ಎಂದು ಖಚಿತವಾಯಿತು. ಬಹುಮಟ್ಟಿಗೆ ಇಷ್ಟೇ. ಟಯರ್ ಒಡೆದರೆ ಎಷ್ಟೋ ಸಲ ನಿಲ್ಲಿಸದೆ ಹಾರುವುದೇ ಮೇಲು, ಯಾಕೆಂದರೆ ನಿಲ್ಲಿಸಲು ಬೇಕಾದದ್ದು ಅದೇ ಟಯರು.

ಈ ಅತಿ ಎಚ್ಚರಿಕೆಗೆ ಕಾರಣ ಹೈಸ್ಕೂಲಿನಲ್ಲಿ ಕಲಿತ ಒಂದು ಸೂತ್ರ. ಓಡುವ ವಸ್ತುವಿನ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 70 ನಾಟ್‌ನಲ್ಲಿ ನಿಲ್ಲಿಸುವುದಕ್ಕಿಂತ 140ರಲ್ಲಿ ನಿಲ್ಲಿಸುವಾಗ ಬ್ರೇಕು ನುಂಗಬೇಕಾದ ಶಕ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು. 75 ಟನ್ ತೂಗುವ ಒಂದು ಎ320 ಎಂದುಕೊಳ್ಳೋಣ. 140 ನಾಟ್‌ನಲ್ಲಿ ಅದರ ಚಲನಶಕ್ತಿ ಸುಮಾರು 194 ಮೆಗಾಜೂಲ್. ಕರೆಂಟ್ ಬಿಲ್ಲಿನ ಭಾಷೆಯಲ್ಲಿ 54 ಯೂನಿಟ್. ಸಣ್ಣ ಸಂಸಾರಕ್ಕೆ ಎರಡು ಮೂರು ವಾರ ಸಾಗುವ ವಿದ್ಯುತ್ತು. ಅದರ ಬಹುಪಾಲನ್ನು ಅರ್ಧ ನಿಮಿಷದೊಳಗೆ ಚಕ್ರಗಳೊಳಗಿನ ಬ್ರೇಕ್ ತಟ್ಟೆಗಳು ಶಾಖವಾಗಿ ಮಾಡಿ ತಮ್ಮ ಹೊಟ್ಟೆಯಲ್ಲಿಟ್ಟುಕೊಳ್ಳಬೇಕು. ಎಂಜಿನ್ನಿನ ಗಾಳಿಯನ್ನು ಮುಂದಕ್ಕೆ ತಿರುಗಿಸುವ ರಿವರ್ಸ್ ಥ್ರಸ್ಟ್ ಇದೆಯಲ್ಲ ಎನ್ನಬಹುದು. ಇದೆ, ಸದ್ದೂ ದೊಡ್ಡದು. ಆದರೆ ಒಣ ರನ್‌ವೇಯ ಲೆಕ್ಕದಲ್ಲಿ ಅದನ್ನು ಹಿಡಿಯುವುದೇ ಇಲ್ಲ. ಸಿಕ್ಕರೆ ಲಾಭ ಎಂದು ಬದಿಗಿಟ್ಟಿರುತ್ತಾರೆ. ಕೆಟ್ಟಿರುವುದು ಎಂಜಿನ್ನೇ ಆಗಿದ್ದರೆ ಅದನ್ನು ನಂಬಿ ಕೂರಲಾದೀತೆ?

ಹೊಸ ವಿಮಾನಕ್ಕೆ ಪರವಾನಗಿ ಕೊಡುವ ಮುನ್ನ ಇದನ್ನು ನಿಜವಾಗಿಯೇ ಮಾಡಿ ನೋಡುತ್ತಾರೆ. ಪೂರ್ತಿ ಸವೆದ ಬ್ರೇಕು ಹಾಕಿ, ಹೊರಲಾಗುವಷ್ಟು ಭಾರ ಹೊರಿಸಿ, ಪೂರ್ಣ ವೇಗಕ್ಕೆ ಓಡಿಸಿ, ಒಮ್ಮೆಲೇ ನಿಲ್ಲಿಸುತ್ತಾರೆ. ಬ್ರೇಕಿನ ತಟ್ಟೆಗಳು ಕಮ್ಮಾರನ ಕುಲುಮೆಯ ಕಬ್ಬಿಣದಂತೆ ಕೆಂಪಗೆ ಹೊಳೆಯುತ್ತವೆ. ಶಾಖಕ್ಕೆ ಟಯರು ಬಾಂಬಿನಂತೆ ಸಿಡಿಯದಿರಲೆಂದು ಗಾಲಿಯಲ್ಲಿ ಬೇಗ ಕರಗುವ ಲೋಹದ ಪುಟ್ಟ ಬಿರಡೆಗಳನ್ನು ಇಟ್ಟಿರುತ್ತಾರೆ. ಅವು ಕರಗಿ, ಟಯರುಗಳು ಒಂದೊಂದಾಗಿ ನಿಟ್ಟುಸಿರು ಬಿಟ್ಟು ಕೂರುತ್ತವೆ. ಈಗ ಅಗ್ನಿಶಾಮಕ ದಳದವರು ಸುತ್ತ ನಿಂತಿದ್ದರೂ ಐದು ನಿಮಿಷ ನೀರು ಹಾಕುವಂತಿಲ್ಲ. ಸುಮ್ಮನೆ ನೋಡಬೇಕು. ನಿಜವಾದ ಸಂದರ್ಭದಲ್ಲಿ ಅಷ್ಟು ಹೊತ್ತು ಯಾರೂ ಬಾರದೆ ಹೋದರೆ ಏನಾಗುತ್ತದೆ ಎಂಬುದೇ ಪರೀಕ್ಷೆ.

ಇಂಥದ್ದು ಎಷ್ಟು ಸಲ ಆಗುತ್ತದೆ? 1990ರ ದಶಕದ ಆರಂಭದಲ್ಲಿ ಬೋಯಿಂಗ್ ಮತ್ತಿತರ ಸಂಸ್ಥೆಗಳು ಅಮೆರಿಕದ ವಿಮಾನಯಾನ ಆಡಳಿತದ ಜೊತೆ ಕೂತು ಹಳೆಯ ದಾಖಲೆಗಳನ್ನೆಲ್ಲ ಕೆದಕಿದವು. ಸುಮಾರು 3,000 ಟೇಕಾಫ್‌ಗೆ ಒಂದು ಅರ್ಧದಲ್ಲೇ ನಿಂತಿತ್ತು. ಅವುಗಳಲ್ಲಿ ನಾಲ್ಕರಲ್ಲಿ ಮೂರು 80 ನಾಟ್‌ಗಿಂತ ಕೆಳಗಿನವು. ಪ್ರಯಾಣಿಕರಿಗೆ ಬಸ್ಸಿನ ಬ್ರೇಕು ಹಾಕಿದಂತೆ ಅನಿಸಿ ಮುಗಿಯುವಂಥವು. 120 ನಾಟ್ ದಾಟಿದ ಮೇಲೆ ನಿಲ್ಲಿಸಿದ್ದು ನೂರಕ್ಕೆ ಎರಡರಷ್ಟು. ಅಪಘಾತಗಳೆಲ್ಲ ಬಹುತೇಕ ಈ ಎರಡರಲ್ಲೇ. ರನ್‌ವೇ ಮೀರಿ ಹೋದ ವಿಮಾನಗಳಲ್ಲಿ ಅರ್ಧಕ್ಕಿಂತ ಹೆಚ್ಚು ವಿ-ಒನ್ ದಾಟಿದ ಮೇಲೆ ನಿಲ್ಲಿಸಲು ಹೊರಟವು. ಕೈ ತೆಗೆಯುವ ಕಟ್ಟು ಯಾಕೆ ಹುಟ್ಟಿತು ಎಂಬುದಕ್ಕೆ ಬೇರೆ ವಿವರಣೆ ಬೇಡ.

ಹಾಗೆಂದು ಕಟ್ಟನ್ನು ಮುರಿದು ಬದುಕಿದವರಿಲ್ಲವೆಂದಲ್ಲ. 2017ರ ಮಾರ್ಚ್ 8ರಂದು ಅಮೆರಿಕದ ಮಿಷಿಗನ್ನಿನ ವಿಲೋ ರನ್ ನಿಲ್ದಾಣದಿಂದ ಎಂಡಿ-83 ವಿಮಾನವೊಂದು 116 ಜನರೊಂದಿಗೆ ಹೊರಟಿತು. ಅವರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತಂಡವೂ ಇತ್ತು. ವಿ-ಒನ್ ದಾಟಿತು. ಮೂತಿ ಎತ್ತಲು ಪೈಲಟ್ ಕೋಲನ್ನು ತನ್ನತ್ತ ಎಳೆದರು. ಮೂತಿ ಏಳಲಿಲ್ಲ. ಇನ್ನೂ ಎಳೆದರು, ಏಳಲಿಲ್ಲ. ನಿಲ್ಲಿಸಿದರು. ವಿಮಾನ ರನ್‌ವೇ ದಾಟಿ ಸುಮಾರು 350 ಮೀಟರ್ ಹುಲ್ಲಿನ ಮೇಲೆ ಓಡಿ, ಹಳ್ಳಕ್ಕೆ ಬಡಿದು ಕೂತಿತು. ಒಬ್ಬರಿಗೆ ಸಣ್ಣ ಗಾಯ, ಅಷ್ಟೇ. ಬಾಲದ ರೆಕ್ಕೆಯಲ್ಲಿದ್ದ, ಮೂತಿ ಏಳಿಸುವ ಫಲಕ, ವಿಮಾನ ನಿಲ್ಲಿಸಿದ್ದ ಜಾಗದಲ್ಲಿ ಬೀಸಿದ ಬಿರುಗಾಳಿಗೆ ಸಿಕ್ಕಿ ಜಾಮ್ ಆಗಿತ್ತು. ಆ ಮಾದರಿಯಲ್ಲಿ ಪೈಲಟ್ ಕೋಲು ಆಡಿಸಿದರೆ ಆಡುವುದು ಫಲಕವಲ್ಲ, ಅದರ ಅಂಚಿಗಿರುವ ಚಿಕ್ಕ ಪಟ್ಟಿ. ಫಲಕವನ್ನು ಮೇಲೆತ್ತುವುದು ಓಟದ ಗಾಳಿ. ಹಾಗಾಗಿ ಹೊರಡುವ ಮೊದಲಿನ ತಪಾಸಣೆಯಲ್ಲಿ ಎಲ್ಲ ಸರಿಯಿರುವಂತೆಯೇ ಕಂಡಿತ್ತು. ಹಾರಲಾರದ ವಿಮಾನಕ್ಕೆ ವಿ-ಒನ್ ಅನ್ವಯಿಸುವುದಿಲ್ಲ. ಆದರೆ ಹಾರಲಾರದು ಎಂಬುದು ಎರಡು ಮೂರು ಸೆಕೆಂಡಿನಲ್ಲಿ ಕೈಗೆ ತಿಳಿಯಬೇಕಲ್ಲ, ಆ ಕೈ ಸಾಮಾನ್ಯದ್ದಲ್ಲ.

ಮಂಗಳೂರಿನ ನೆನಪು ಇಲ್ಲಿ ಬಾರದೆ ಇರದು. 2010ರ ಮೇ 22ರದ್ದು ಟೇಕಾಫ್ ಅಲ್ಲ, ಲ್ಯಾಂಡಿಂಗ್. ಆದರೂ ಪಾಠ ಇದೇ ಕುಲದ್ದು. ದುಬೈನಿಂದ ಬಂದ ವಿಮಾನ ರನ್‌ವೇಯ ಅರ್ಧಕ್ಕಿಂತ ಹೆಚ್ಚು ಕಳೆದ ಮೇಲೆ ನೆಲ ಮುಟ್ಟಿತು. ರಿವರ್ಸ್ ಹಾಕಿದ ಮೇಲೆ ಮನಸ್ಸು ಬದಲಾಗಿ ಮತ್ತೆ ಮೇಲೇರುವ ಪ್ರಯತ್ನ ನಡೆಯಿತು. 166 ಜನರಲ್ಲಿ ಉಳಿದವರು ಎಂಟೇ ಮಂದಿ. ರಿವರ್ಸ್ ಎಳೆದರೆ ನಿಲ್ಲಲೇಬೇಕು, ಹಾರುವ ಮಾತಿಲ್ಲ ಎಂಬುದು ಆ ವಿಮಾನದ ಕೈಪಿಡಿಯಲ್ಲೇ ಇತ್ತು. ವೇಗದಲ್ಲಿರುವಾಗ ಅರೆಮನಸ್ಸಿನ ನಿರ್ಧಾರ, ತಪ್ಪು ನಿರ್ಧಾರಕ್ಕಿಂತ ಕೆಟ್ಟದ್ದು.

ಇಲ್ಲಿಯವರೆಗಿನದು ಗಣಿತ. ಇನ್ನು ಮುಂದಿನದು ಬೇರೆ. ವಿಮಾನ ನಿಂತಿದೆ, ಬ್ರೇಕು ಕಾದಿದೆ, ಒಂದು ಎಂಜಿನ್ನಿನಲ್ಲಿ ಬೆಂಕಿ ಇರಬಹುದು, ಇಲ್ಲದಿರಬಹುದು. ಹಿಂದೆ ನೂರೆಂಬತ್ತು ಜನ ಉಸಿರು ಹಿಡಿದು ಕೂತಿದ್ದಾರೆ. ಬಾಗಿಲು ತೆರೆದು ಜಾರುಬಂಡೆಯ ಮೇಲೆ ಇಳಿಸಬೇಕೇ, ಬೇಡವೇ? ಇದಕ್ಕೆ ವಿ-ಒನ್‌ನಂಥ ಅಂಕಿ ಯಾರೂ ಕಂಡುಹಿಡಿದಿಲ್ಲ. ಮೇಲಾಗಿ ಹೇಳಬೇಕಾದವರು ಕೂತಿರುವುದು ವಿಮಾನದ ಮೂತಿಯಲ್ಲಿ. ಬಹುತೇಕ ವಿಮಾನಗಳಲ್ಲಿ ಅಲ್ಲಿಂದ ತಮ್ಮದೇ ಎಂಜಿನ್ನು ಕಾಣುವುದಿಲ್ಲ. 15ನೇ ಸಾಲಿನ ಕಿಟಕಿಯ ಮಗು ನೋಡುವುದನ್ನು ಕ್ಯಾಪ್ಟನ್ ನೋಡಲಾರರು.

ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಿಲ್ದಾಣದಲ್ಲಿ 1985ರ ಆಗಸ್ಟ್ 22ರ ಬೆಳಿಗ್ಗೆ ನಡೆದದ್ದನ್ನು ಈ ಕುರುಡಿನ ಕಥೆಯಾಗಿ ಓದಬಹುದು. ರಜೆಗೆಂದು ಗ್ರೀಸಿನ ಕೊರ್ಫು ದ್ವೀಪಕ್ಕೆ ಹೊರಟಿದ್ದ ಬೋಯಿಂಗ್ 737. ಬ್ರಿಟಿಷ್ ಏರ್‌ಟೂರ್ಸ್ ಸಂಸ್ಥೆಯದು. 131 ಪ್ರಯಾಣಿಕರು, ಆರು ಸಿಬ್ಬಂದಿ. ಓಟ ಶುರುವಾಗಿ 36 ಸೆಕೆಂಡಿಗೆ, 125 ನಾಟ್ ವೇಗದಲ್ಲಿ, ದಢ್ ಎಂದು ಸದ್ದು. ಕ್ಯಾಪ್ಟನ್ ಕೂಡಲೇ ನಿಲ್ಲಿಸಲು ಹೊರಟರು. ಟಯರ್ ಒಡೆದಿದೆ ಎಂದುಕೊಂಡು, ಬ್ರೇಕನ್ನು ಅಷ್ಟು ಜೋರಾಗಿ ತುಳಿಯಬೇಡಿ ಎಂದು ಕೋ-ಪೈಲಟ್‌ಗೆ ಹೇಳಿದರು. ಮುಂದೆ ರನ್‌ವೇ ಬೇಕಾದಷ್ಟಿತ್ತು. ಆ ಸದ್ದಿಗೆ ಆ ಊಹೆ ಮೂರ್ಖತನದ್ದೇನಲ್ಲ. ನಿಜಕ್ಕೂ ಆದದ್ದೆಂದರೆ ಎಡ ಎಂಜಿನ್ನಿನ ದಹನ ಡಬ್ಬಿಯೊಂದು ಸಿಡಿದು, ಅದರ ತುಂಡು ರೆಕ್ಕೆಯ ಅಡಿಯಲ್ಲಿದ್ದ ಇಂಧನ ಟ್ಯಾಂಕಿನ ಮುಚ್ಚಳವನ್ನು ಒಡೆದುಹಾಕಿತ್ತು. ಬೆಂಕಿಯ ಗಂಟೆ ಬಾರಿಸಿದ್ದು ಸದ್ದಾದ ಒಂಬತ್ತು ಸೆಕೆಂಡಿನ ಮೇಲೆ. ಅಷ್ಟರಲ್ಲಿ ವಿಮಾನ ಸುರಿಯುವ ಸೀಮೆಎಣ್ಣೆಯನ್ನು ಹಚ್ಚಿಕೊಂಡು ಓಡುತ್ತಿತ್ತು.

ಬೆಂಕಿ ಎಷ್ಟಿದೆ ಎಂದು ತಿಳಿಯಲು ಕಾಕ್‌ಪಿಟ್ಟಿನವರಿಗೆ ಇದ್ದದ್ದು ಕಂಟ್ರೋಲ್ ಟವರಿನವರ ಕಣ್ಣು. ಬೆಂಕಿ ಬಹಳ ಇದೆ ಎಂಬ ಉತ್ತರ ಬಂತು. ಜನರನ್ನು ಇಳಿಸಬೇಕೇ ಎಂದು ವಿಚಾರಿಸಿದಾಗ, ಬಲಗಡೆಯಿಂದ ಇಳಿಸಿ ಎಂಬ ಸಲಹೆ. ಉಳಿದ ವಿಮಾನಗಳಿಗೆ ರನ್‌ವೇ ತೆರವಾಗಲೆಂದೋ ರೂಢಿಯಿಂದಲೋ ವಿಮಾನ ಬಲಕ್ಕೆ ತಿರುಗಿ ಪಕ್ಕದ ದಾರಿಯಲ್ಲಿ ನಿಂತಿತು. ಅಲ್ಲಿ ಮತ್ತೊಂದು ಲೆಕ್ಕ ತಪ್ಪಿತು. ಅಂದು ಗಾಳಿ ಏಳು ನಾಟ್. ಒಗೆದ ಬಟ್ಟೆ ಮೆಲ್ಲಗೆ ಅಲುಗುವಷ್ಟು. ತಿರುಗಿ ನಿಂತ ವಿಮಾನಕ್ಕೆ ಅದು ಎಡದಿಂದ, ಅಂದರೆ ಉರಿಯುವ ಕಡೆಯಿಂದ ಬೀಸತೊಡಗಿತು. ಜ್ವಾಲೆ ನೇರವಾಗಿ ವಿಮಾನದ ಮೈಗೆ ಒರಗಿತು. ಅಲ್ಯೂಮಿನಿಯಮ್ ಹೊದಿಕೆ ಒಂದು ನಿಮಿಷವೂ ತಡೆಯಲಿಲ್ಲ.

ಒಳಗೆ ಏನಾಯಿತೆಂದು ತನಿಖೆ ಸೆಕೆಂಡುಗಳ ಲೆಕ್ಕದಲ್ಲಿ ಬಿಡಿಸಿಟ್ಟಿದೆ. ಮುಂದಿನ ಬಲಬಾಗಿಲು ತೆರೆಯಹೋದರೆ ಜಾರುಬಂಡೆಯ ಪೆಟ್ಟಿಗೆಯ ಮುಚ್ಚಳ ಸಿಕ್ಕಿಹಾಕಿಕೊಂಡು ಬಾಗಿಲು ಅರ್ಧಕ್ಕೆ ನಿಂತಿತು. ಸಿಬ್ಬಂದಿ ಅದನ್ನು ಬಿಟ್ಟು ಎಡಬಾಗಿಲು ತೆರೆದರು, ಮತ್ತೆ ಬಂದು ಇದನ್ನು ಬಿಡಿಸಿದರು. ಅಷ್ಟು ಹೊತ್ತಿಗೆ ವಿಮಾನ ನಿಂತು ಒಂದು ನಿಮಿಷದ ಮೇಲಾಗಿತ್ತು. ರೆಕ್ಕೆಯ ಮೇಲಿನ ತುರ್ತು ಕಿಟಕಿಯ ಪಕ್ಕದಲ್ಲಿ ಕೂತಿದ್ದ ಹೆಣ್ಣುಮಗಳು ಹಿಡಿಕೆ ಎಳೆದಾಗ, 22 ಕಿಲೋ ತೂಕದ ಆ ಮುಚ್ಚಳ ಒಳಕ್ಕೆ, ಅವಳ ಮೈಮೇಲೆಯೇ ಬಿತ್ತು. ಅದರಡಿ ಸಿಕ್ಕಿಕೊಂಡವಳನ್ನು ಬಿಡಿಸಿ ಮುಚ್ಚಳವನ್ನು ಹಿಂದಿನ ಸೀಟಿನ ಮೇಲೆ ಎತ್ತಿಹಾಕುವ ಹೊತ್ತಿಗೆ ಮುಕ್ಕಾಲು ನಿಮಿಷ. ಆ ಕಿಂಡಿಯಿಂದ 27 ಜನ ಹೊರಬಂದರು. ಮುಂದಿನ ಎಡಬಾಗಿಲಿನಿಂದ 17, ಬಲಬಾಗಿಲಿನಿಂದ 34. ವಿಮಾನ ನಿಂತ ಐದೂವರೆ ನಿಮಿಷದ ಮೇಲೆ ಅಗ್ನಿಶಾಮಕ ದಳದವನೊಬ್ಬ ರೆಕ್ಕೆಯ ಮೇಲಿನ ಕಿಂಡಿಯಲ್ಲಿ ಅಲುಗಿದ ಒಂದು ಕೈ ನೋಡಿ ಹುಡುಗನೊಬ್ಬನನ್ನು ಎಳೆದುಕೊಂಡ. 55 ಜನ ಸತ್ತರು. ಹೆಚ್ಚಿನವರು ಸುಟ್ಟು ಸತ್ತವರಲ್ಲ; ಹೊಗೆ ಕುಡಿದು ಕುಸಿದವರು. ನೆಲದ ಮೇಲೆ, ಟಾರಿನ ಮೇಲೆ, ಪೂರ್ತಿ ನಿಂತಿದ್ದ ವಿಮಾನದಲ್ಲಿ.

ನಿಲ್ಲಿಸುವ ಕೆಲಸ ಅಲ್ಲಿ ಚೊಕ್ಕವಾಗಿಯೇ ನಡೆದಿತ್ತು ಎಂಬುದನ್ನು ಗಮನಿಸಬೇಕು. ವೇಗ ಮೀರಲಿಲ್ಲ, ರನ್‌ವೇ ದಾಟಲಿಲ್ಲ. ಸೋತದ್ದು ಆಮೇಲಿನ ಎರಡು ನಿಮಿಷ.

ಇದಾದ ಮೇಲೆ ಇಂಗ್ಲೆಂಡಿನ ಕ್ರ್ಯಾನ್‌ಫೀಲ್ಡ್ ಸಂಸ್ಥೆಯ ಮನೋವಿಜ್ಞಾನಿ ಹೆಲೆನ್ ಮ್ಯೂರ್ ಒಂದು ಜಾಣ ಪ್ರಯೋಗ ಮಾಡಿದರು. ಅಲ್ಲಿಯವರೆಗೆ ವಿಮಾನ ಖಾಲಿ ಮಾಡಿಸುವ ಪರೀಕ್ಷೆಗಳಲ್ಲಿ ಸ್ವಯಂಸೇವಕರು ಮದುವೆ ಊಟದ ಎರಡನೇ ಪಂಕ್ತಿಯವರಿಗಿಂತಲೂ ಶಿಸ್ತಾಗಿ ಹೊರಬರುತ್ತಿದ್ದರು. ಯಾರಿಗೂ ಜೀವಭಯವಿಲ್ಲವಲ್ಲ. ಹಳೆಯ ಟ್ರೈಡೆಂಟ್ ವಿಮಾನವೊಂದರಲ್ಲಿ ಜನರನ್ನು ಕೂರಿಸಿ ಮ್ಯೂರ್ ಹೇಳಿದ್ದಿಷ್ಟು: ಮೊದಲು ಹೊರಬಂದ ಅರ್ಧದಷ್ಟು ಜನರಿಗೆ ತಲಾ ಐದು ಪೌಂಡ್ ಹೆಚ್ಚು. ಐದು ಪೌಂಡಿಗೆ ಜನ ಸೀಟಿನ ಬೆನ್ನು ಹತ್ತಿ ಹಾರಿದರು, ಒಬ್ಬರ ಮೇಲೊಬ್ಬರು ಬಿದ್ದರು, ಬಾಗಿಲಿನ ಕಿರಿದಾದ ಸಂದಿಯಲ್ಲಿ ಬಿರಡೆಯಂತೆ ಸಿಕ್ಕಿಕೊಂಡರು. ಮ್ಯಾಂಚೆಸ್ಟರಿನಲ್ಲಿ ಬದುಕಿದವರು ಹೇಳಿದ್ದೂ ಅದನ್ನೇ. ಸಂದಿ ಮುಕ್ಕಾಲು ಮೀಟರಿಗಿಂತ ಕಿರಿದಾದರೆ ಜನ ಹೊರಹರಿಯುವ ವೇಗ ಕುಸಿಯುತ್ತದೆ ಎಂಬಂಥ ಸರಳ ಅಳತೆಗಳು ಅಲ್ಲಿಂದ ಬಂದವು. ನೆಲದಂಚಿನಲ್ಲಿ ಹೊಳೆಯುವ ದಾರಿದೀಪ, ಬೇಗ ಹೊತ್ತದ ಸೀಟಿನ ಹೊದಿಕೆ, ಇವುಗಳನ್ನು ಕಡ್ಡಾಯ ಮಾಡಲು ಒತ್ತಡ ಹೆಚ್ಚಿದ್ದೂ ಈ ದುರಂತದಿಂದಲೇ. ತಿರುಗಿ ನಿಲ್ಲಬೇಡಿ, ರನ್‌ವೇಯಲ್ಲೇ ನಿಲ್ಲಿ, ಬೆಂಕಿ ಯಾವ ಕಡೆ, ಗಾಳಿ ಯಾವ ಕಡೆ ಎಂದು ಯೋಚಿಸಿ ಎಂಬ ಪಾಠ ಪೈಲಟ್ ತರಬೇತಿಗೆ ಸೇರಿತು.

ಅದಕ್ಕೂ ಐದು ವರ್ಷ ಮೊದಲು ರಿಯಾದಿನಲ್ಲಿ ಆದದ್ದು ಇನ್ನೂ ಭೀಕರ. ಹಾರಿದ ಸ್ವಲ್ಪ ಹೊತ್ತಿಗೆ ಸರಕಿನ ಕೋಣೆಯಲ್ಲಿ ಬೆಂಕಿ ಕಾಣಿಸಿಕೊಂಡು ಸೌದಿಯಾ ವಿಮಾನ ಹಿಂದಿರುಗಿ ಸುರಕ್ಷಿತವಾಗಿ ಇಳಿಯಿತು. ರನ್‌ವೇಯಲ್ಲೇ ಗಕ್ಕನೆ ನಿಲ್ಲುವ ಬದಲು ಉರುಳಿಕೊಂಡು ಹೋಯಿತು. ನಿಂತ ಮೇಲೂ ಮೂರು ನಿಮಿಷ ಎಂಜಿನ್ ಓಡುತ್ತಲೇ ಇತ್ತು. ಇಳಿಯಿರಿ ಎಂಬ ಅಪ್ಪಣೆ ಬರಲೇ ಇಲ್ಲ. ಒಂದು ಬಾಗಿಲೂ ಒಳಗಿನಿಂದ ತೆರೆಯಲಿಲ್ಲ. 301 ಜನ, ಒಬ್ಬರೂ ಉಳಿಯಲಿಲ್ಲ.

ಇವೆರಡನ್ನು ಓದಿದವರಿಗೆ ಅನಿಸುವುದು ಸಹಜ: ಸಂಶಯವಿದ್ದರೆ ಇಳಿಸಿಬಿಡಲಿ, ತಡ ಯಾಕೆ? ನನಗೂ ಹಾಗೇ ಅನಿಸಿತ್ತು. ಜಾರುಬಂಡೆಯ ಇನ್ನೊಂದು ಮುಖ ಕಾಣುವವರೆಗೆ.

ಎ320ರ ಬಾಗಿಲು ನೆಲದಿಂದ ಮೂರು ಮೀಟರಿಗೂ ಮೇಲಿದೆ, ದೊಡ್ಡ 777ರದ್ದು ಇನ್ನೂ ಎತ್ತರ. ಮಕ್ಕಳ ಪಾರ್ಕಿನದಲ್ಲ ಆ ಜಾರುಬಂಡೆ. ಕಡಿದಾದದ್ದು, ಮೇಲೆ ನಿಂತು ನೋಡಿದರೆ ಎದೆ ಝಲ್ಲೆನ್ನುವಂಥದ್ದು. ಎಪ್ಪತ್ತು ದಾಟಿದ ಅಜ್ಜಿ, ಮಗುವನ್ನು ಎತ್ತಿಕೊಂಡ ತಾಯಿ, ಎಲ್ಲರೂ ಹಾರಿ ಕೂರಬೇಕು. ಕಾಲಿನ ಗೆಣ್ಣು ಮುರಿಯುತ್ತದೆ, ಮೊಣಕೈ ಕಿತ್ತು ಬರುತ್ತದೆ, ಕೆಳಗೆ ಬಿದ್ದವರ ಮೇಲೆ ಮುಂದಿನವರು ಬೀಳುತ್ತಾರೆ. ಎ380 ವಿಮಾನಕ್ಕೆ ಅನುಮತಿ ಕೊಡಲು 2006ರ ಮಾರ್ಚಿನಲ್ಲಿ ಹ್ಯಾಂಬರ್ಗಿನಲ್ಲಿ ನಡೆದ ಪರೀಕ್ಷೆಯಲ್ಲಿ 873 ಜನ, ಕತ್ತಲಲ್ಲಿ, ಅರ್ಧದಷ್ಟು ಬಾಗಿಲುಗಳಿಂದ 78 ಸೆಕೆಂಡಿಗೆ ಹೊರಬಂದರು. ನಿಯಮ ಕೇಳುವುದು 90 ಸೆಕೆಂಡ್. ಜಗತ್ತೆಲ್ಲ ಚಪ್ಪಾಳೆ ತಟ್ಟಿತು. ಗಟ್ಟಿಮುಟ್ಟಾದವರನ್ನೇ ಆರಿಸಿ, ಮೊದಲೇ ತಿಳಿಸಿ, ಬೆಂಕಿಯಿಲ್ಲದೆ ಮಾಡಿದ ಆ ಪರೀಕ್ಷೆಯಲ್ಲೂ ಒಬ್ಬರ ಕಾಲು ಮುರಿಯಿತು. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ 2000ದಲ್ಲಿ ಪ್ರಕಟಿಸಿದ ಅಧ್ಯಯನ 46 ನಿಜವಾದ ಪ್ರಸಂಗಗಳನ್ನು ನೋಡಿತು. 2,651 ಪ್ರಯಾಣಿಕರಲ್ಲಿ ನೂರಕ್ಕೆ 92 ಮಂದಿಗೆ ಏನೂ ಆಗಲಿಲ್ಲ, ಆರು ಮಂದಿಗೆ ಸಣ್ಣ ಗಾಯ, ಇಬ್ಬರಿಗೆ ದೊಡ್ಡದು. ಬೆಂಕಿಯಿದ್ದರೆ ಇದು ಅಗ್ಗದ ಬೆಲೆ. ಬೆಂಕಿಯಿಲ್ಲದಿದ್ದರೆ, ಸುಮ್ಮನೆ ಕೂತಿದ್ದ ಯಾರದೋ ಅಜ್ಜಿಯ ಸೊಂಟ ಮುರಿದಂತಾಯಿತು.

ಇನ್ನೊಂದು ಅಪಾಯ ಷಿಕಾಗೋದಲ್ಲಿ ಕಣ್ಣೆದುರೇ ನಡೆಯಿತು. 2016ರ ಅಕ್ಟೋಬರ್ 28. ಅಮೆರಿಕನ್ ಏರ್‌ಲೈನ್ಸ್‌ನ ಬೋಯಿಂಗ್ 767ರ ಬಲ ಎಂಜಿನ್ನಿನ ಟರ್ಬೈನ್ ತಟ್ಟೆ ಓಟದ ನಡುವೆ ಒಡೆಯಿತು. ಒಂದು ಚೂರು ಸುಮಾರು 900 ಮೀಟರ್ ಹಾರಿ ದೂರದ ಗೋದಾಮಿನ ಚಾವಣಿ ತೂರಿ ಬಿತ್ತು. ಪೈಲಟ್‌ಗಳು ಚೆನ್ನಾಗಿಯೇ ನಿಲ್ಲಿಸಿದರು. ಬಲಗಡೆ ಬೆಂಕಿ ಧಗಧಗ. ಕಾಕ್‌ಪಿಟ್ಟಿನಲ್ಲಿ ಎಂಜಿನ್ ಬೆಂಕಿಯ ಚೆಕ್‌ಲಿಸ್ಟ್ ಓದತೊಡಗಿದರು. ಬೆಂಕಿ ಆರಿಸುವ ಮೊದಲ ಬಾಟಲಿ ಹಾಕಿ, 30 ಸೆಕೆಂಡ್ ಕಾದು, ಎರಡನೆಯದು ಹಾಕಿ ಎಂದಿತ್ತು ಅದರಲ್ಲಿ. ಆಕಾಶದಲ್ಲಿ ಸರಿ, ಬೇರೆ ಕೆಲಸವೇನಿದೆ. ನೆಲದ ಮೇಲೆ 30 ಸೆಕೆಂಡ್ ಎಂದರೆ ಒಂದು ಯುಗ. ಆ ಪಟ್ಟಿ ನೆಲಕ್ಕೂ ಆಕಾಶಕ್ಕೂ ಒಂದೇ ಆಗಿತ್ತು. ಹಿಂದೆ ಹೊಗೆ ತುಂಬುತ್ತಿತ್ತು, ಜನ ಕಿರುಚುತ್ತಿದ್ದರು, ಸಿಬ್ಬಂದಿ ಫೋನೆತ್ತಿ ಮುಂದಕ್ಕೆ ತಿಳಿಸಲು ನೋಡಿದರೆ ಆ ಹೊಸ ಮಾದರಿಯ ಫೋನು ಕೈಗೆ ಒಗ್ಗಲಿಲ್ಲ. ಅಪ್ಪಣೆ ಬರುವ ಮೊದಲೇ ಎಡಗಡೆ ಬಾಗಿಲು ತೆರೆಯಿತು. ಎಡ ಎಂಜಿನ್ ಇನ್ನೂ ಓಡುತ್ತಲೇ ಇತ್ತು. ರೆಕ್ಕೆಯ ಮೇಲಿನಿಂದ ಇಳಿದ ಒಬ್ಬರನ್ನು ಅದರ ಬಿಸಿಗಾಳಿ ನೆಲಕ್ಕೆ ಒಗೆಯಿತು. ಅಂದು ತೀವ್ರವಾಗಿ ಗಾಯಗೊಂಡವರು ಅವರೊಬ್ಬರೇ, ಅದೂ ಬೆಂಕಿಯಿಂದಲ್ಲ.

ಬಾಗಿಲು ತೆರೆಸುವ ಮೊದಲು ಕಾಕ್‌ಪಿಟ್ಟಿನಲ್ಲಿ ಕೆಲವು ಕೆಲಸ ಮುಗಿಯಲೇಬೇಕು ಎನ್ನುವುದು ಇದಕ್ಕೇ. ಪಾರ್ಕಿಂಗ್ ಬ್ರೇಕ್ ಹಾಕಬೇಕು, ಟವರಿಗೆ ತಿಳಿಸಬೇಕು, ಎರಡೂ ಎಂಜಿನ್ನಿಗೆ ಇಂಧನ ಕಡಿಯಬೇಕು, ಒಳಗಿನ ಗಾಳಿಯ ಒತ್ತಡ ಇಳಿದಿದೆಯೇ ನೋಡಬೇಕು. ಪಳಗಿದ ಕೈಗೆ ಅರ್ಧ ನಿಮಿಷದ ಕೆಲಸ. ಏರ್‌ಬಸ್‌ನವರ ವಿಧಾನ ನನಗೆ ಇಷ್ಟ. ನಿಂತ ಕೂಡಲೇ ಕ್ಯಾಪ್ಟನ್ ‘ಸಿಬ್ಬಂದಿ ನಿಮ್ಮ ನಿಮ್ಮ ಜಾಗದಲ್ಲಿ’ ಎಂಬರ್ಥದ ಒಂದೇ ವಾಕ್ಯ ಕೂಗುತ್ತಾರೆ. ಇಳಿಸಿ ಎಂದೂ ಅಲ್ಲ, ಬೇಡ ಎಂದೂ ಅಲ್ಲ. ಕಾಕ್‌ಪಿಟ್ ಬದುಕಿದೆ, ಯೋಚಿಸುತ್ತಿದೆ ಎಂಬ ಸುದ್ದಿ ಅದು. ಅಷ್ಟರಲ್ಲಿ ಗಗನಸಖಿಯರು ತಮ್ಮ ಬಾಗಿಲ ಕಿಟಕಿಯಿಂದ ಹೊರಗೆ ಬೆಂಕಿ ಇದೆಯೇ ಎಂದು ನೋಡುತ್ತಾರೆ. ಪಟ್ಟಿಯ ಕೊನೆಗೆ ಎರಡೇ ದಾರಿ: ಖಾಲಿ ಮಾಡಿ, ಅಥವಾ ಎಲ್ಲರೂ ಕೂತಿರಿ. ಆ ನಡುವಿನ ಮೌನ ಉದ್ದವಾದರೆ, ಹೊಗೆ ಕಣ್ಣಿಗೆ ಕಂಡರೆ, ಸಿಬ್ಬಂದಿಗೆ ತಾವೇ ಶುರು ಮಾಡುವ ಅಧಿಕಾರವೂ ಇದೆ. ಇದ್ದೇ ಇರಬೇಕು. ಮೂತಿಯಲ್ಲಿರುವವರಿಗೆ ಕಾಣದ್ದನ್ನು ನೋಡುತ್ತಿರುವವರು ಅವರು.

ಕನ್ನಡಿಗರಿಗೆ ಹತ್ತಿರದ ಎರಡು ಪ್ರಸಂಗಗಳನ್ನು ಪಕ್ಕಪಕ್ಕ ಇಡಬಹುದು. 2022ರ ಅಕ್ಟೋಬರ್ 28ರ ರಾತ್ರಿ ದೆಹಲಿಯಿಂದ ಬೆಂಗಳೂರಿಗೆ ಹೊರಟ ಎ320 ಓಡುತ್ತಿರುವಾಗಲೇ ಎಂಜಿನ್ನಿನಿಂದ ಬೆಂಕಿ, ಕಿಡಿ. ಪ್ರಯಾಣಿಕರೊಬ್ಬರು ಕಿಟಕಿಯಿಂದ ತೆಗೆದ ವಿಡಿಯೊ ರಾತ್ರೋರಾತ್ರಿ ಎಲ್ಲರ ಫೋನಿಗೂ ಬಂತು. ವಿಮಾನ ನಿಂತಿತು, ಬೆಂಕಿ ಆರಿತು. ಒಳಗಿದ್ದ 184 ಜನ ಜಾರುಬಂಡೆ ಹತ್ತದೆ ಕ್ಷೇಮವಾಗಿ ಇಳಿದರು. ಇನ್ನೊಂದು 2024ರ ಮೇ 18ರದು. ಬೆಂಗಳೂರಿನಿಂದ ಕೊಚ್ಚಿಗೆ ಹಾರಿದ ವಿಮಾನದ ಎಂಜಿನ್ನಿಗೆ ಬೆಂಕಿ ಬಿದ್ದು, ಅದು ಹಿಂದಿರುಗಿ ಕೆಂಪೇಗೌಡ ನಿಲ್ದಾಣದಲ್ಲಿ ಇಳಿಯಿತು. ಅಲ್ಲಿ 179 ಪ್ರಯಾಣಿಕರನ್ನು ತುರ್ತಾಗಿ ಜಾರುಬಂಡೆಯಿಂದಲೇ ಇಳಿಸಿದರು. ಕೆಲವರಿಗೆ ತರಚು ಗಾಯಗಳಾದವು. ಒಂದರಲ್ಲಿ ಕೂರಿಸಿದರು, ಇನ್ನೊಂದರಲ್ಲಿ ಹಾರಿಸಿದರು. ಮೊದಲನೆಯದರಲ್ಲಿ ಬೆಂಕಿಯ ಎಚ್ಚರಿಕೆ ತಣ್ಣಗಾಗಿ, ಹೊರಗಿನವರೂ ಆರಿದೆ ಎಂದಿದ್ದರೆ ಮೆಟ್ಟಿಲು ಬರುವವರೆಗೆ ಕೂರಿಸುವುದೇ ಧೈರ್ಯದ ಕೆಲಸ. ವಿಡಿಯೊ ನೋಡಿದವರಿಗೆ ಮಾತ್ರ ‘ಯಾಕೆ ಇಳಿಸಲಿಲ್ಲ?’ ಎಂಬ ಪ್ರಶ್ನೆ ಉಳಿಯುತ್ತದೆ. ಇಳಿಸಿ ಯಾರಿಗಾದರೂ ಕಾಲು ಮುರಿದಿದ್ದರೆ ‘ಯಾಕೆ ಇಳಿಸಿದರು?’ ಎಂಬುದು.

ಅಗ್ನಿಶಾಮಕ ವಾಹನ ರನ್‌ವೇಯ ಯಾವ ತುದಿಗಾದರೂ ಮೂರು ನಿಮಿಷ ಮೀರದಂತೆ, ಸಾಧ್ಯವಾದರೆ ಎರಡರಲ್ಲೇ ತಲುಪಬೇಕೆಂಬುದು ಅಂತರರಾಷ್ಟ್ರೀಯ ಕಟ್ಟಳೆ. ಅವರು ಬಂದ ಮೇಲೆ ಕ್ಯಾಪ್ಟನ್ನರಿಗೆ ಕಣ್ಣು ಬಂದ ಹಾಗೆ. ಕಷ್ಟವಿರುವುದು ಅವರು ಬರುವ ಮೊದಲಿನ ಆ ಎರಡು ನಿಮಿಷದಲ್ಲಿ. ಮ್ಯಾಂಚೆಸ್ಟರಿನಲ್ಲಿ ಸತ್ತವರಲ್ಲಿ ಹೆಚ್ಚಿನವರು ಕುಸಿದದ್ದು ವಿಮಾನ ನಿಂತ ಮೇಲಿನ ಮೊದಲ ಕೆಲವು ನಿಮಿಷಗಳಲ್ಲೇ.

ಕಳೆದ ಸಲ ವಿಮಾನ ಹತ್ತಿದಾಗ ನನಗೆ ಸಿಕ್ಕಿದ್ದು ರೆಕ್ಕೆಯ ಮೇಲಿನ ತುರ್ತು ಕಿಟಕಿಯ ಸಾಲು. ಗಗನಸಖಿ ಬಂದು, ಅಗತ್ಯ ಬಿದ್ದರೆ ತೆರೆಯುತ್ತೀರಾ ಎಂದು ಕೇಳಿದಳು. ಪಕ್ಕದವರು ಫೋನಿನಿಂದ ತಲೆಯೆತ್ತದೆ ಹೂಂ ಎಂದರು. ನಾನು ಮುಂದಿನ ಜೇಬಿನಿಂದ ಕಾರ್ಡು ತೆಗೆದು ನೋಡಿದೆ. ಚಿತ್ರದ ಮನುಷ್ಯ ಮುಚ್ಚಳವನ್ನು ಕಿತ್ತು, ಎರಡೂ ಕೈಯಲ್ಲಿ ಹಿಡಿದು, ಹೊರಕ್ಕೆ ಎಸೆಯುತ್ತಿದ್ದ. ಹೊರಕ್ಕೆ ಎಂಬುದನ್ನು ದೊಡ್ಡ ಬಾಣ ಹಾಕಿ ತೋರಿಸಿದ್ದರು. ಈಗಿನ ಕೆಲವು ಬೋಯಿಂಗ್‌ಗಳಲ್ಲಿ ಅದೂ ಬೇಡ, ಹಿಡಿಕೆ ಎಳೆದರೆ ಮುಚ್ಚಳ ಕೀಲಿನ ಮೇಲೆ ತಾನೇ ಹೊರಕ್ಕೆ ಹಾರಿ ನಿಲ್ಲುತ್ತದೆ. ಆ ಸಾಲಿನ ಮುಂದೆ ಕಾಲು ಚಾಚಲು ಉಳಿದ ಕಡೆಗಿಂತ ಹೆಚ್ಚು ಜಾಗವಿರುತ್ತದೆ. ಮ್ಯಾಂಚೆಸ್ಟರ್ ಆದ ಮರುವರ್ಷ ಬ್ರಿಟನ್ನಿನ ನಿಯಂತ್ರಕರು, ಮುಚ್ಚಳ ಹಿಡಿದು ನಿಲ್ಲಲು, ಹಿಂದಿನವರು ನುಸುಳಲು ಅನುವಾಗಲೆಂದು ಬಿಡಿಸಿದ ಜಾಗ ಅದು. ಈಗ ಅದಕ್ಕೆ ಟಿಕೆಟಿನ ಮೇಲೆ ಬೇರೆ ದುಡ್ಡು ತೆಗೆದುಕೊಳ್ಳುತ್ತಾರೆ.